ಮೊಳೆಗೆ ಚುಚ್ಚಿದ ಚೀಟಿ

ಹೋಬರ್ಟ್ ಪ್ರೂಯಿಟ್ ಅವರ ಹೆಣ ಸಿಕ್ಕಿದ ಹೊತ್ತಿಗೆ ನಾನು ನಮ್ಮ ಮನೆಯ ಅಡುಗೆಕೋಣೆಯಲ್ಲಿ ನಿಂತು ರೇಡಿಯೋವನ್ನು ದುರುಗುಟ್ಟಿಕೊಂಡು ನೋಡುತ್ತಿದ್ದೆ. ಅವತ್ತು, ಮಂಗಳವಾರ, ಬೆಳಗಿನ ಜಾವ ನಮ್ಮಮ್ಮ ತೀರಿಕೊಂಡಿದ್ದಳು. ಮಧ್ಯಾಹ್ನದ ಸಾವಿನ ಸುದ್ದಿಯಲ್ಲಿ ಅವಳ ಹೆಸರು ಬರಬೇಕಾಗಿತ್ತು. ಐದು ಹೆಸರು ಬಂದವು, ಅವಳದು ಬರಲಿಲ್ಲ.

ನಮ್ಮ ಗಣಿಯೂರು ಟಾಲಿವರ್‌ನಲ್ಲಿ ಇದು ಸಣ್ಣ ಮಾತಾಗಿರಲಿಲ್ಲ. ದಿನಾ ಹನ್ನೆರಡೂಕಾಲಕ್ಕೆ ಆರ್ಗನ್ ವಾದ್ಯ ಸಣ್ಣಗೆ ಶುರುವಾಗುತ್ತಿತ್ತು. ಕಾರ್ಬೆಟ್ ಹ್ಯಾಗರ್‌ನ ತಗ್ಗಿದ ದನಿ ಸತ್ತವರ ಹೆಸರು, ವಯಸ್ಸು, ಉಳಿದ ಮಕ್ಕಳು, ಮಣ್ಣಿಗಿಡುವ ಹೊತ್ತು ಎಲ್ಲವನ್ನೂ ಓದುತ್ತಿತ್ತು. ಆ ಕಾಲು ಗಂಟೆ ಗಣಿಯ ಕಚೇರಿಯಲ್ಲಾಗಲಿ ಕ್ಷೌರದಂಗಡಿಯಲ್ಲಾಗಲಿ ಯಾರೂ ಬಾಯಿ ಬಿಡುತ್ತಿರಲಿಲ್ಲ. ರೇಡಿಯೋ ಕೇಂದ್ರದ ಕಟ್ಟಡದ ಬೆನ್ನಿಗೇ ರೈಲು ಹಳಿ ಇದ್ದುದರಿಂದ ಹನ್ನೆರಡೂ ಇಪ್ಪತ್ತರ ಕಲ್ಲಿದ್ದಲು ಗಾಡಿ ಬಂದಾಗ ಕಾರ್ಬೆಟ್ ಓದು ನಿಲ್ಲಿಸಿ, "ಗಾಡಿ ಹೋಗಲಿ, ಸತ್ತವರಿಗೇನೂ ಅವಸರವಿಲ್ಲ" ಅನ್ನುತ್ತಿದ್ದ. ಊರಿಗೆಲ್ಲ ಆ ಮಾತು ಬಾಯಿಪಾಠ.

"ಓದ್ಲೇ ಇಲ್ವಲ್ಲೋ ಓರ್ಬಿನ್," ಎಂದಳು ಲಿಯೋಟಾ ಚಿಕ್ಕಮ್ಮ, ನಮ್ಮಮ್ಮನ ತಂಗಿ. ಅಡುಗೆಕೋಣೆ ತುಂಬ ನೆರೆಮನೆಗಳಿಂದ ಬಂದ ಹಂದಿಮಾಂಸ, ಬೇಯಿಸಿದ ಬೀನ್ಸು, ಮೆಕ್ಕೆಜೋಳದ ಬ್ರೆಡ್ಡು. "ನೀನು ಚೀಟಿ ಕೊಟ್ಟೆ ತಾನೆ?"

"ನನ್ನ ಕೈಯಾರೆ ಇಟ್ಟು ಬಂದೆ ಚಿಕ್ಕಮ್ಮ. ಹನ್ನೆರಡಕ್ಕೆ ಇನ್ನೂ ಎಂಟು ನಿಮಿಷ ಇತ್ತು."

"ಏನು ಬಂದಿತ್ತು ಅವನಿಗೆ ಇವತ್ತು? ಗಾಡಿಗೂ ನಿಲ್ಲಿಸ್ಲಿಲ್ಲ, ಗಡಗಡ ಓದಿ ಮುಗಿಸಿಬಿಟ್ಟ." ಅವಳು ಕಣ್ಣನ್ನು ಅಡುಗೆ ಬಟ್ಟೆಯಲ್ಲೇ ಒರೆಸಿಕೊಂಡು ಬೀನ್ಸಿನ ಪಾತ್ರೆ ಮುಚ್ಚಿದಳು.

ನನಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಆ ಮೂರು ದಿನ ನನಗೆ ಏನೂ ಬರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕಾಲು ಜೋಮು ಹಿಡಿದಾಗ ನೆಲ ಮುಟ್ಟಿದರೂ ಮುಟ್ಟಿದ್ದು ಗೊತ್ತಾಗುವುದಿಲ್ಲವಲ್ಲ, ಹಾಗಿತ್ತು. ಆಗಲೇ ಫೋನ್ ಬಡಿದುಕೊಂಡಿತು. ಮಿಸ್ ವರ್ಡಿ ಸ್ಟ್ಯಾಲರ್ಡ್.

"ಓರ್ಬಿನ್, ಈ ಹೊತ್ತಲ್ಲಿ ನಿನ್ನ ಕರೀಬಾರ್ದು. ಆದ್ರೂ ಬಾ. ಹೋಬರ್ಟ್ ಹೋಗ್ಬಿಟ್ರು. ಯಾರೋ ತಲೆಗೆ ಹೊಡೆದಿದ್ದಾರೆ. ಶೆರಿಫ್ ನಿಮ್ಮಣ್ಣನ್ನ ಕೂರಿಸ್ಕೊಂಡಿದಾನೆ."

ನಾವು ಕೆಲಸ ಮಾಡುತ್ತಿದ್ದ ಕಟ್ಟಡದ ನೆಲಮಹಡಿಯಲ್ಲಿ 'ಟಾಲಿವರ್ ಲೆಡ್ಜರ್' ಪತ್ರಿಕೆ, ಮೇಲಿನ ಮಹಡಿಯಲ್ಲಿ ರೇಡಿಯೋ ಕೇಂದ್ರ, ನೆಲಮಾಳಿಗೆಯಲ್ಲಿ ಅಚ್ಚಿನ ಯಂತ್ರ. ಎರಡಕ್ಕೂ ಹೋಬರ್ಟ್ ಪ್ರೂಯಿಟ್ ಅವರೇ ಯಜಮಾನರು, ಪತ್ರಿಕೆಗೆ ಅವರೇ ಸಂಪಾದಕರು. ನಾನು ಅಲ್ಲಿ ಹತ್ತೊಂಬತ್ತು ವರ್ಷದಿಂದ ಅಚ್ಚಿನ ಅಕ್ಷರದ ಮೊಳೆ ಜೋಡಿಸುವವನು. ಮಿಸ್ ವರ್ಡಿ ನೆಲಮಾಳಿಗೆಯ ಕತ್ತರಿಕೋಣೆಯ ಒಡತಿ. ಊರಿನಲ್ಲಿ ಅಚ್ಚಾದದ್ದನ್ನೆಲ್ಲ ಕತ್ತರಿಸಿ ಲಕೋಟೆಗೆ ಹಾಕಿಡುವುದು ಅವಳ ಕೆಲಸ. ಅರವತ್ಮೂರು ವರ್ಷ, ಕೊರಳಿಗೆ ರಿಬ್ಬನ್ನಿನಲ್ಲಿ ಕತ್ತರಿ, ಯಾರನ್ನೂ ಸುಲಭಕ್ಕೆ ನಂಬದ ಕಣ್ಣು. ಬ್ಯಾಪ್ಟಿಸ್ಟ್ ಚರ್ಚಿನ ಗಂಟೆ ಕದ್ದವರನ್ನೂ ಕಂಪನಿ ಅಂಗಡಿಗೆ ಬೆಂಕಿಯಿಟ್ಟವರನ್ನೂ ಹಿಡಿದುಕೊಟ್ಟವಳು ಅವಳೇ. ಅವಳ ಮಂಡಿ ನೋಯುತ್ತಿದ್ದುದರಿಂದ ಓಡಾಟವೆಲ್ಲ ನನ್ನದು.

ಪ್ರೂಯಿಟ್ ಅವರು ಕತ್ತರಿಕೋಣೆಯ ಮೇಜಿನ ಮೇಲೆ ಮುಖವಿಟ್ಟು ಬಿದ್ದಿದ್ದರು. ಪಕ್ಕದಲ್ಲಿ ಸೀಸದ ಗಟ್ಟಿ. ಅಕ್ಷರದ ಮೊಳೆ ಎರಕಕ್ಕೆಂದು ಅಂಥ ಗಟ್ಟಿಗಳನ್ನು ಮೆಟ್ಟಿಲ ಬುಡದಲ್ಲಿ ಒಟ್ಟಿರುತ್ತಿದ್ದೆವು, ಯಾರ ಕೈಗಾದರೂ ಸಿಗುವಂಥದ್ದು. ಮೇಜಿನ ಮೇಲೆ ಹಳೆಯ ರೇಡಿಯೋ ಚೀಟಿಗಳ ಒಂದು ಕಟ್ಟು ಇತ್ತು, ಮೇಲೆ ಮಿಸ್ ವರ್ಡಿಯ ಕೈಬರಹ: ಏಪ್ರಿಲ್ ೧೯೪೭.

ಲೇಸಿ ಅಣ್ಣ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ. ಮೊಣಕೈವರೆಗೂ ಶಾಯಿ.

"ಅಮ್ಮ ಸತ್ತ ದಿನ ಕೆಲಸಕ್ಕೆ ಯಾಕಣ್ಣ ಬಂದೆ?" ಎಂದೆ.

"ಮನೇಲಿ ಕೂರೋಕಾಗ್ಲಿಲ್ಲ. ಆಚೆ ಕೋಣೇಲಿ ಯಂತ್ರ ಒರೆಸ್ತಿದ್ದೆ, ಗಾಡಿ ಸದ್ದಲ್ಲಿ ಏನೂ ಕೇಳಿಸ್ಲಿಲ್ಲ," ಎಂದ. ಅಷ್ಟೇ.

ಶೆರಿಫ್ ಆರ್ವಿಲ್ ಕೈಸರ್ ಟೋಪಿ ತೆಗೆದು ನನಗೆ ಸಂತಾಪ ಹೇಳಿದ, ಆಮೇಲೆ ಟೋಪಿ ಹಾಕಿಕೊಂಡ. "ನೋಡು ಓರ್ಬಿನ್, ಮಿಸ್ ವರ್ಡಿ ಹನ್ನೆರಡೂ ಹತ್ತಕ್ಕೆ ಊಟಕ್ಕೆ ಹೋದಾಗ ಹೋಬರ್ಟ್ ಜೀವಂತ ಇದ್ರು. ಹನ್ನೆರಡೂ ನಲವತ್ತಕ್ಕೆ ವಾಪಸ್ ಬಂದ್ರೆ ಹೆಣ. ಆ ಹೊತ್ತಲ್ಲಿ ಕಟ್ಟಡದಲ್ಲಿ ಇದ್ದದ್ದು ಇಬ್ಬರೇ. ಮೇಲೆ ಕಾರ್ಬೆಟ್, ಅವನು ಓದ್ತಿದ್ದದ್ದನ್ನ ಇಡೀ ಜಿಲ್ಲೆ ಕೇಳಿದೆ. ಕೆಳಗೆ ನಿಮ್ಮಣ್ಣ. ಸೋಮವಾರ ಇವನು ಹೋಬರ್ಟ್ ಮೇಲೆ ಕೂಗಾಡಿದ್ದನ್ನ ಎಲ್ಲರೂ ಕೇಳಿದಾರೆ. 'ನನ್ನ ಹೆಸರು ಇನ್ನೊಂದ್ಸಲ ಅಚ್ಚು ಹಾಕಿದ್ರೆ ಸುಮ್ನಿರಲ್ಲ' ಅಂದನಂತೆ."

ಅದು ಯಾವ ವಿಷಯ ಎಂದು ಯಾರೂ ಕೇಳಬೇಕಾಗಿರಲಿಲ್ಲ. ನಲವತ್ತೇಳರ ಏಪ್ರಿಲ್‌ನಲ್ಲಿ ಸ್ಲೇಟ್ ಹಳ್ಳದ ಮೇಲಿನ ಕಟ್ಟೆ ಒಡೆದು ಒಂಬತ್ತು ಜನ ಸತ್ತರು. ಕಟ್ಟೆ ಬಿರಿಯುತ್ತಿದೆ ಎಂದು ಕೆಳಗೆ ಪತ್ರಿಕೆಗೆ ಮೊದಲೇ ಸುದ್ದಿ ಬಂದಿತ್ತು. ಚೀಟಿ ಬರೆದು ಮೇಲೆ ರೇಡಿಯೋಗೆ ಕೊಟ್ಟು ಬಾ ಎಂದು ಲೇಸಿಯನ್ನು ಕಳಿಸಿದ್ದರು. ರೇಡಿಯೋದಲ್ಲಿ ಎಚ್ಚರಿಕೆ ಬರಲೇ ಇಲ್ಲ. ಚೀಟಿ ಬಂದಿಲ್ಲ ಎಂದ ಕಾರ್ಬೆಟ್. ಇಟ್ಟು ಬಂದೆ ಎಂದ ಲೇಸಿ. ಕಾರ್ಬೆಟ್‌ನದು ಊರೇ ಮೆಚ್ಚಿದ ದನಿ, ನಮ್ಮಣ್ಣ ಆಗಾಗ ಕುಡಿಯುತ್ತಿದ್ದ ಅಚ್ಚಿನಾಳು. ಸತ್ತ ಒಂಬತ್ತು ಜನರಲ್ಲಿ ಲಿಯೋಟಾ ಚಿಕ್ಕಮ್ಮನ ಗಂಡನೂ ಒಬ್ಬ. ಅಂದಿನಿಂದ ಹದಿನಾಲ್ಕು ವರ್ಷ ಅವಳು ಲೇಸಿಯ ಮುಖ ನೋಡಿ ಮಾತಾಡಿರಲಿಲ್ಲ. ಅಮ್ಮ ಮಾತ್ರ ಅವನನ್ನು ನಂಬಿದ್ದಳು. ಅವಳೂ ಆ ಬೆಳಗ್ಗೆ ಹೋಗಿಯಾಗಿತ್ತು.

"ಗುರುವಾರ ಎರಡು ಗಂಟೆಗೆ ಅಮ್ಮನ ಮಣ್ಣು, ಆರ್ವಿಲ್," ಎಂದೆ. "ದೊಡ್ಡ ಮಗ ಪೆಟ್ಟಿಗೆಗೆ ಕೈ ಕೊಡ್ಬೇಕು."

"ಜಡ್ಜು ಬರೋದು ಶುಕ್ರವಾರ. ನನ್ನ ಕೈಲೇನಿದೆ ಹೇಳು?"

ಲೇಸಿ ತಾನಾಗಿಯೇ ಎದ್ದು ಬೇಡಿಗೆ ಕೈ ಚಾಚಿದ. ಅದನ್ನು ನೋಡಿಯೂ ನನಗೆ ಏನೂ ಅನಿಸಲಿಲ್ಲ. ಅನಿಸಲಿಲ್ಲವಲ್ಲ ಎಂದು ನಾಚಿಕೆಯಾಯಿತು, ಅದೂ ಸ್ವಲ್ಪ.

ಹೆಣವನ್ನೂ ಸಾಗಿಸಿಕೊಂಡು ಅವರು ಹೋದ ಮೇಲೆ ಮಿಸ್ ವರ್ಡಿ ಚೀಟಿಗಳ ಕಟ್ಟನ್ನು ಹತ್ತಿರಕ್ಕೆ ಎಳೆದುಕೊಂಡಳು. ಮೇಲಿನ ಮಹಡಿಯಲ್ಲಿ ಓದುವವನ ಮೇಜಿನ ಮೇಲೆ ಒಂದು ಮರದ ಹಲಗೆ, ಅದರಲ್ಲಿ ನೆಟ್ಟಗೆ ನಿಂತ ಉದ್ದ ಮೊಳೆ. ಓದಿದ ಚೀಟಿಯನ್ನು ಒಂದರ ಮೇಲೊಂದು ಅದಕ್ಕೆ ಚುಚ್ಚುತ್ತಾ ಹೋಗಬೇಕು. ತಿಂಗಳು ಮುಗಿದಾಗ ಮಿಸ್ ವರ್ಡಿ ಒಂದೊಂದನ್ನೂ ಓದುತ್ತಾ ಕೂರದೆ ಅದೇ ತೂತಿನಲ್ಲಿ ದಾರ ಪೋಣಿಸಿ ಕಟ್ಟಿಡುತ್ತಿದ್ದಳು. ಕೆಳಗೆ ಪತ್ರಿಕೆಯಲ್ಲಿ ಚೀಟಿ ಚುಚ್ಚುವ ಮೊಳೆ ಇರಲಿಲ್ಲ, ಕಾಗದವನ್ನು ಪೆಟ್ಟಿಗೆಗೆ ಹಾಕುತ್ತಿದ್ದೆವು.

"ಈ ಗಂಟು ನಾನು ಹಾಕಿದ್ದಲ್ಲ," ಎಂದಳು. "ಪತ್ರಿಕೆಯ ಎಪ್ಪತ್ತೈದನೇ ವರ್ಷದ ವಿಶೇಷ ಸಂಚಿಕೆಗೆ ರೇಡಿಯೋ ಚರಿತ್ರೆ ಅಂತ ಒಂದು ಪುಟ ಬರೀತಿದ್ರು ಹೋಬರ್ಟ್. ಹದಿನೈದು ದಿನದಿಂದ ಇದೇ ಕಟ್ಟು ಹಿಡ್ಕೊಂಡು ಕೂತಿದ್ರು. ಇವತ್ತು ನಾನು ಊಟಕ್ಕೆ ಹೊರಟಾಗ ಒಂದೇ ಮಾತು ಕೇಳಿದ್ರು. 'ರೋನೋಕ್‌ನಿಂದ ಪೊಟ್ಟಣ ಬಂತಾ ವರ್ಡಿ?'"

"ಯಾವ ಪೊಟ್ಟಣ?"

"ನಂಗೂ ಹೇಳ್ಲಿಲ್ಲ. ರೋನೋಕ್ ಬಸ್ಸು ಇನ್ನು ಗುರುವಾರ ಹತ್ತಕ್ಕೆ." ಅವಳು ನನ್ನ ಮುಖ ನೋಡಿದಳು. "ನಿನ್ನಮ್ಮನ ಹೆಸರು ಯಾಕೋ ಬರ್ಲಿಲ್ಲ? ನಾನು ಹೋಟೆಲಲ್ಲಿ ಕೇಳ್ತಾ ಕೂತಿದ್ದೆ."

ಮನೆಯ ಹೊರಗೆ ಆವತ್ತು ನನ್ನನ್ನು ಹಾಗೆ ಕೇಳಿದವಳು ಅವಳೊಬ್ಬಳೇ. ನಡೆದದ್ದು ಹೇಳಿದೆ. ಚೀಟಿ ಬರೆದು ಕೆಳಗೆ 'ತಂದವನು ಓರ್ಬಿನ್' ಎಂದು ಸೇರಿಸಿದ್ದೆ, ಅದು ನಮ್ಮಲ್ಲಿಯ ಪದ್ಧತಿ. ಮೆಟ್ಟಿಲ ಬಳಿಯ ಗಡಿಯಾರದ ಮುದ್ರೆಗೆ ಒತ್ತಿದ್ದೆ, ಹನ್ನೊಂದೂ ಐವತ್ತೆರಡು. ಮೇಲೆ ಹೋಗಿ ಓದುವ ಕೋಣೆಯ ಹೊರಗಿನ ತಂತಿ ಬುಟ್ಟಿಯಲ್ಲಿ ಇಟ್ಟಿದ್ದೆ. ಬಾಗಿಲು ಮುಚ್ಚಿತ್ತು. ಸಾವಿನ ಸುದ್ದಿಗೆ ಮುಂಚೆ ಬುಟ್ಟಿ ನೋಡುವುದು ಕಾರ್ಬೆಟ್‌ನ ದಿನದ ಕೆಲಸ.

ಇಬ್ಬರೂ ಮೇಲೆ ಹೋದೆವು. ಕಾರ್ಬೆಟ್ ನನ್ನ ಎರಡೂ ಕೈ ಹಿಡಿದುಕೊಂಡ. ಐವತ್ತು ದಾಟಿದ ಮೃದು ಮನುಷ್ಯ, ಸಾವಿನ ಮನೆಗೆಲ್ಲ ಹೋಗಿ ಕೂರುವವನು. ಅವನ ಕಣ್ಣು ಕೆಂಪಾಗಿತ್ತು.

"ಅಯ್ಯೋ ಓರ್ಬಿನ್, ಡೆಲ್ಫಿಯಾ ಅಮ್ಮ ಹೋದದ್ದೇ ನಂಗೆ ಈಗ ಗೊತ್ತಾಗ್ತಿದೆ. ಚೀಟಿ ನನ್ನ ಕೈಗೆ ಬರ್ಲೇ ಇಲ್ಲ ಕಣೋ. ನಾಳೆ ಎಲ್ಲರಿಗಿಂತ ಮೊದಲು ಅವರದೇ ಓದ್ತೀನಿ."

"ನಾಳೆ ಬೇಡ ಕಾರ್ಬೆಟ್," ಎಂದಳು ಮಿಸ್ ವರ್ಡಿ. "ಮಗ ಜೈಲಲ್ಲಿರೋವಾಗ ಓದೋದು ಬೇಡ ಅಂತ ಮನೆಯವರು ಹೇಳ್ತಿದಾರೆ."

ಮನೆಯವನು ನಾನು. ನಾನು ಹಾಗೆ ಹೇಳಿರಲಿಲ್ಲ. ಆದರೆ ಬಾಯಿ ತೆರೆಯಲು ಮನಸ್ಸಾಗಲಿಲ್ಲ. ಕಾರ್ಬೆಟ್‌ನ ಮಾತು ಎಲ್ಲೋ ಕೇಳಿದ ಹಾಗೆ ಅನಿಸಿತು, ಅದನ್ನೂ ಬಿಟ್ಟುಬಿಟ್ಟೆ.

ಬುಧವಾರ ಬೆಳಗ್ಗೆ ಮಿಸ್ ವರ್ಡಿ ಸೇಬಿನ ಪೈ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಅಮ್ಮನ ಪೆಟ್ಟಿಗೆಯನ್ನು ಮುಂದಿನ ಕೋಣೆಯಲ್ಲಿ ಇಟ್ಟಿದ್ದೆವು. ಮಿಸ್ ವರ್ಡಿ ಅದರ ಮುಂದೆ ಸ್ವಲ್ಪ ಹೊತ್ತು ನಿಂತು, ಆಮೇಲೆ ಅಡುಗೆಕೋಣೆಗೆ ಬಂದು ಚಿಕ್ಕಮ್ಮನ ಪಕ್ಕ ಕೂತಳು.

"ಲಿಯೋಟಾ, ನಿನ್ನೆ ರೇಡಿಯೋ ನೀನೂ ಕೇಳ್ದೆಯಂತೆ. ಗಾಡಿಗೆ ನಿಲ್ಲಿಸ್ಲಿಲ್ಲ ಅಂದ್ಯಂತೆ."

"ನಿಲ್ಲಿಸ್ಲೂ ಇಲ್ಲ, ಗಾಡಿ ಸದ್ದೂ ಇಲ್ಲ. ನಮ್ಮಕ್ಕನ ಹೆಸರಿಗೆ ಕಾಯ್ತಾ ಕೂತಿದ್ದೆ ವರ್ಡಿ, ನೊಣ ಹಾರಿದ್ರೂ ಕೇಳಿಸ್ತಿತ್ತು."

"ಹೋಟೆಲಲ್ಲಿ ತಟ್ಟೆ ಲೋಟದ ಗಲಾಟೆ, ನಂಗೆ ಗೊತ್ತಾಗಿರ್ಲಿಲ್ಲ," ಎಂದಳು ಮಿಸ್ ವರ್ಡಿ. ಆಮೇಲೆ ನನ್ನ ಕಡೆ ತಿರುಗಿ, "ರೈಲ್ವೆ ಸ್ಟೇಷನ್‌ಗೆ ಹೋಗಿ ಬಾ. ನಿನ್ನೆ ಗಾಡಿ ಎಷ್ಟು ಹೊತ್ತಿಗೆ ಹೋಯ್ತು ಕೇಳು. ಹಾಗೇ ರೇಡಿಯೋ ಮಹಡಿ ಹತ್ತಿ, ಮೊಳೆಯಲ್ಲಿ ನಿನ್ನೆ ಮಧ್ಯಾಹ್ನದ ಚೀಟಿಗಳು ಯಾವ ಕ್ರಮದಲ್ಲಿ ಇವೆ ಬರ್ಕೊಂಡು ಬಾ. ಮುಟ್ಬೇಡ."

ಸ್ಟೇಷನ್ನಿನವನು ಪುಸ್ತಕ ತೆರೆದು ತೋರಿಸಿದ. ಗಾಡಿ ಒಂದೇ ನಿಮಿಷ ತಡವಾಗಿ, ಹನ್ನೆರಡೂ ಇಪ್ಪತ್ತೊಂದಕ್ಕೆ ಹೋಗಿತ್ತು, ನಲವತ್ತೆಂಟು ಡಬ್ಬಿ ಎಳೆದುಕೊಂಡು.

ರೇಡಿಯೋ ಮಹಡಿಯಲ್ಲಿ ಯಾರೂ ಇರಲಿಲ್ಲ. ಟೇಪ್ ಯಂತ್ರದ ಪಕ್ಕದಲ್ಲಿ ಗ್ರಾಮಫೋನ್ ತಟ್ಟೆಯೊಂದು ತನ್ನ ಪಾಡಿಗೆ ತಿರುಗುತ್ತಾ ಸ್ತೋತ್ರಗೀತೆ ಹಾಡುತ್ತಿತ್ತು. ಕಿಟಕಿಯಿಂದ ನೋಡಿದರೆ ಕಾರ್ಬೆಟ್ ಎದುರು ಹೋಟೆಲಿನಲ್ಲಿ ಪೈ ತಿನ್ನುತ್ತಿದ್ದ. ನಾನು ಮೊಳೆಯ ಬಳಿ ಬಗ್ಗಿ, ಚೀಟಿಗಳ ಅಂಚನ್ನು ಪೆನ್ಸಿಲ್ ತುದಿಯಿಂದ ಎತ್ತಿ ನೋಡಿದೆ. ಮಂಗಳವಾರದ ಐದು ಸಾವು. ಅದರ ಮೇಲೆ ಹನ್ನೆರಡೂವರೆಯ ಹವಾಮಾನ. ಅದರ ಮೇಲೆ ನನ್ನದೇ ಕೈಬರಹ. ಡೆಲ್ಫಿಯಾ ಬಾಸ್ಟಿಕ್, ಎಪ್ಪತ್ತೊಂದು ವರ್ಷ. ಮೊಳೆ ಸರಿಯಾಗಿ ಅವಳ ಹೆಸರಿನ ನಡುವೆ ತೂರಿತ್ತು. ಅಲ್ಲಿ ಎಷ್ಟು ಹೊತ್ತು ಬಗ್ಗಿ ನಿಂತಿದ್ದೆನೋ, ತಟ್ಟೆ ಮುಗಿದು ಸೂಜಿ ಕರಕರ ಅನ್ನತೊಡಗಿದಾಗ ಎಚ್ಚರವಾಯಿತು.

ಕಂಡದ್ದನ್ನೆಲ್ಲ ಮಿಸ್ ವರ್ಡಿಗೆ ಹೇಳಿದೆ. ಅವಳು ತಲೆ ಅಲ್ಲಾಡಿಸಿ, "ನಿಮ್ಮಣ್ಣನ್ನ ನೋಡ್ಕೊಂಡು ಬಾ. ಸೋಮವಾರ ಹೋಬರ್ಟ್ ಅವನಿಗೆ ಏನು ಹೇಳಿದ್ರು, ಅಷ್ಟು ಕೇಳು," ಎಂದಳು.

ಜೈಲಿನಲ್ಲಿ ಲೇಸಿ ಗೋಡೆ ನೋಡುತ್ತಾ ಕೂತಿದ್ದ. ಕೈ ತೊಳೆಯಲು ನೀರು ಕೊಟ್ಟಿರಲಿಲ್ಲ.

"'ನಲವತ್ತೇಳರ ನೆರೆಯ ಪುಟ ಅಚ್ಚು ಹಾಕ್ತೀನಿ ಲೇಸಿ, ನಿನ್ನ ಹೆಸರೂ ಬರುತ್ತೆ' ಅಂದ್ರು," ಎಂದ. "ನಂಗೆ ತಲೆ ಕೆಟ್ಟೋಯ್ತು. ಅಮ್ಮ ಹಾಸಿಗೆ ಹಿಡಿದಿದಾಳೆ, ಈಗ ಮತ್ತೆ ಯಾಕೆ ಕೆದಕ್ತೀರಾ ಅಂತ ಕೂಗಿದೆ. ಅವರು ಇನ್ನೇನೋ ಹೇಳೋಕೆ ಬಂದ್ರು, ನಾನು ಕೇಳ್ಲಿಲ್ಲ."

ಅವನು ಶಾಯಿ ಅಂಟಿದ ಬೆರಳು ಉಜ್ಜಿಕೊಳ್ಳುತ್ತಾ ನನ್ನ ಕಡೆ ತಿರುಗಿದ.

"ಅಮ್ಮನ ಹೆಸರು ಓದಿದ್ರಾ?"

"ಇಲ್ಲ ಅಣ್ಣ."

"ಚೀಟಿ ಬುಟ್ಟೀಲಿ ಇಟ್ಟಿದ್ದೆ ತಾನೆ?"

"ಇಟ್ಟಿದ್ದೆ."

"ನಾನೂ ಇಟ್ಟಿದ್ದೆ," ಎಂದ ಲೇಸಿ.

ಹದಿನಾಲ್ಕು ವರ್ಷದಲ್ಲಿ ನಾನು ಅವನನ್ನು ನಂಬುತ್ತೇನೆಂದು ಹೇಳಿದ್ದೆ, ಎಷ್ಟೋ ಸಲ. ನಂಬಿದ್ದು ಆ ನಿಮಿಷ. ಹೇಳಿಕೊಳ್ಳಲು ಹೇಸಿಗೆಯಾಗುವ ಮಾತು ಇದು, ಆದರೂ ನಿಜ.

ಗುರುವಾರ ಹತ್ತು ಗಂಟೆಯ ಬಸ್ಸಿನಲ್ಲಿ ಪೊಟ್ಟಣ ಬಂತು. ಕೈಯಗಲದ ಚಪ್ಪಟೆ ಪೊಟ್ಟಣ, ಎತ್ತಿದರೆ ಭಾರ. ಮಿಸ್ ವರ್ಡಿ ಅದನ್ನು ಬಿಚ್ಚಲಿಲ್ಲ. ಹನ್ನೊಂದಕ್ಕೆ ಎಲ್ಲರನ್ನೂ ನನ್ನ ಕೆಲಸದ ಕೋಣೆಗೆ ಕರೆಸಿದಳು. ಶೆರಿಫ್, ಬೇಡಿ ಹಾಕಿದ ಲೇಸಿ, ಕಪ್ಪು ಬಟ್ಟೆಯ ಲಿಯೋಟಾ ಚಿಕ್ಕಮ್ಮ, ಕಾರ್ಬೆಟ್, ನಾನು. ಚಿಕ್ಕಮ್ಮ ಲೇಸಿಗೆ ಬೆನ್ನು ಹಾಕಿ ಕೂತಳು.

"ಬೇಗ ಮುಗಿಸಿ ಮಿಸ್ ವರ್ಡಿ," ಎಂದ ಶೆರಿಫ್. "ಜೈಲಿಂದ ಇವನನ್ನ ಕರ್ಕೊಂಡು ಬಂದಿದ್ದೇ ನಿಮ್ಮ ಮುಖ ನೋಡಿ."

"ನನ್ನ ಮುಖದಲ್ಲಿ ನೋಡೋವಂಥದ್ದೇನಿಲ್ಲ ಆರ್ವಿಲ್, ಕಿವಿಗೊಟ್ಟು ಕೇಳು ಸಾಕು," ಎಂದಳು ಅವಳು. "ನೀನು ಲೇಸಿನ ಹಿಡಿದದ್ದು ಯಾಕೆ? ಕಾರ್ಬೆಟ್ ಆ ಹೊತ್ತಲ್ಲಿ ಮೇಲೆ ಓದ್ತಿದ್ದ ಅಂತ. ಓದ್ತಿರ್ಲಿಲ್ಲ ಅಂದ್ರೆ?"

ಕಾರ್ಬೆಟ್ ನೋವಾದವನಂತೆ ನಕ್ಕ. "ಜಿಲ್ಲೆಯೆಲ್ಲ ಕೇಳಿದೆಯಲ್ಲ ವರ್ಡಿ."

"ನಿನ್ನ ದನಿ ಕೇಳಿದೆ. ಲಿಯೋಟಾ ಕೇಳಿಸ್ಕೊಂಡದ್ದು ಇನ್ನೊಂದಿದೆ. ಮಂಗಳವಾರ ರೇಡಿಯೋದಲ್ಲಿ ಗಾಡಿ ಸದ್ದು ಇರ್ಲಿಲ್ಲ. ನೀನು ಗಾಡಿಗೆ ನಿಲ್ಲಿಸ್ಲೂ ಇಲ್ಲ. ಆದ್ರೆ ಗಾಡಿ ಹನ್ನೆರಡೂ ಇಪ್ಪತ್ತೊಂದಕ್ಕೆ ಹೋಗಿದೆ, ಸ್ಟೇಷನ್ ಪುಸ್ತಕದಲ್ಲಿದೆ. ಈ ಕಟ್ಟಡ ನಡುಗೋ ಗಾಡಿ ಅದು. ನಿನ್ನ ಕೋಣೆಯ ಕಿಟಕಿ ಗಾಜು ಬಡ್ಕೊಳ್ಳೋದನ್ನ ಎಷ್ಟೋ ವರ್ಷದಿಂದ ಊರು ಕೇಳ್ತಿದೆ. ಕೇಳಿಸ್ಲಿಲ್ಲ ಅಂದ್ರೆ ಆ ಓದು ಆ ಹೊತ್ತಿನದಲ್ಲ. ಬೆಳಗ್ಗೆ ಟೇಪಿಗೆ ಓದಿಟ್ಟು, ಹನ್ನೆರಡೂಕಾಲಕ್ಕೆ ಟೇಪು ಹಚ್ಚಿ ನೀನು ಕೆಳಗಿಳಿದೆ."

"ಸುಮ್ನೆ ಏನೇನೋ ಹೇಳ್ಬೇಡ. ಆವತ್ತು ಗಾಳಿ ಬೀಸ್ತಿತ್ತು, ಕಿಟಕಿ ಭದ್ರ ಮಾಡಿದ್ದೆ."

"ಸರಿ, ಗಾಳಿ ಅಂತಿಟ್ಕೊಳ್ಳೋಣ. ಡೆಲ್ಫಿಯಾ ಹೆಸರು ಯಾಕೆ ಓದ್ಲಿಲ್ಲ?"

"ಚೀಟಿ ನನ್ನ ಕೈಗೆ ಬರ್ಲೇ ಇಲ್ಲ ಅಂತ ಆವತ್ತೇ ಹೇಳಿದ್ನಲ್ಲ!"

ಮಿಸ್ ವರ್ಡಿ ಮೇಜಿನ ಕೆಳಗಿನಿಂದ ಮರದ ಹಲಗೆಯನ್ನು ಎತ್ತಿ ಇಟ್ಟಳು. ಮೊಳೆ, ಅದರ ತುಂಬ ಚೀಟಿ. ಬುಧವಾರದ್ದನ್ನೆಲ್ಲ ಬಿಡಿಸಿ ಪಕ್ಕಕ್ಕಿಟ್ಟಳು. "ಓದು ಆರ್ವಿಲ್."

ಶೆರಿಫ್ ಬಗ್ಗಿ ಓದಿದ. "ಡೆಲ್ಫಿಯಾ ಬಾಸ್ಟಿಕ್... ತಂದವನು ಓರ್ಬಿನ್... ಮುದ್ರೆ ಹನ್ನೊಂದೂ ಐವತ್ತೆರಡು." ಅವನು ನಿಧಾನವಾಗಿ ತಲೆಯೆತ್ತಿದ. "ಇದು ಹವಾಮಾನದ ಚೀಟಿಯ ಮೇಲಿದೆ."

"ಅಂದ್ರೆ ಹನ್ನೆರಡೂವರೆ ಆದ್ಮೇಲೆ ಚುಚ್ಚಿದ್ದು. ಕಾರ್ಬೆಟ್ ಸಾವಿನ ಸುದ್ದಿಗೆ ಮುಂಚೆ ಬುಟ್ಟಿ ನೋಡ್ಲಿಲ್ಲ. ಯಾಕೆ ನೋಡ್ಬೇಕು? ಓದು ಆಗ್ಲೇ ಟೇಪಲ್ಲಿ ಮುಗಿದುಹೋಗಿತ್ತು. ಕೆಳಗಿಂದ ಬಂದು, ಹವಾಮಾನ ಓದಿ, ಆಮೇಲೆ ಬುಟ್ಟೀಲಿ ಈ ಚೀಟಿ ಕಂಡಿದೆ. ಹರಿದು ಬಿಸಾಕಬಹುದಿತ್ತು. ಆದ್ರೆ ಕೈಗೆ ಬಂದ ಚೀಟಿನೆಲ್ಲ ವರ್ಷಗಟ್ಟಲೆ ಮೊಳೆಗೆ ಚುಚ್ಚಿದ ಕೈ ಅದು. ತಲೆ ಬೇಡ ಅನ್ನೋಷ್ಟರಲ್ಲಿ ಕೈ ಚುಚ್ಚಿಬಿಟ್ಟಿದೆ."

ಕಾರ್ಬೆಟ್ ತನ್ನ ಬಲಗೈಯನ್ನು ನೋಡಿಕೊಂಡ.

"ಅದಕ್ಕೆ ಇವನು ಹೋಬರ್ಟ್‌ನ ಯಾಕೆ ಹೊಡೀಬೇಕು?" ಎಂದ ಶೆರಿಫ್.

"ಯಾಕಂದ್ರೆ ಆ ಕೈ ಇದಕ್ಕೆ ಮುಂಚೆಯೂ ಒಂದ್ಸಲ ಇದೇ ತಪ್ಪು ಮಾಡಿತ್ತು, ಅದನ್ನ ಹೋಬರ್ಟ್ ಕಂಡುಹಿಡಿದಿದ್ರು. ಏಪ್ರಿಲ್ ನಲವತ್ತೇಳರ ಕಟ್ಟಲ್ಲಿ. ಆ ಕಟ್ಟಿಂದ ಒಂದು ಚೀಟಿ ಕಿತ್ಕೊಂಡು, ದಾರ ಮತ್ತೆ ಕಟ್ಟಿ ಹೋಗಿದಾನೆ ಕೊಂದವನು. ಆ ಚೀಟಿ ಈಗ ಬೂದಿಯಾಗಿರುತ್ತೆ. ಆದ್ರೆ ಕಾರ್ಬೆಟ್ ರೇಡಿಯೋದವನು. ಪತ್ರಿಕೆಯಲ್ಲಿ ಒಂದು ಚಿತ್ರ ಅಚ್ಚಾಗ್ಬೇಕಾದ್ರೆ ಅದರ ತಗಡು ಮಾಡೋಕೆ ಮೊದಲೇ ರೋನೋಕ್‌ಗೆ ಕಳಿಸ್ತೀವಿ ಅಂತ ಅವನಿಗೆ ಗೊತ್ತಿರ್ಲಿಲ್ಲ. ಓರ್ಬಿನ್, ಪೊಟ್ಟಣ ಬಿಚ್ಚು."

ಬಿಚ್ಚಿದೆ. ಮೊದಲು ಒಂದು ಕಾಗದ: ಅಸಲು ಚೀಟಿಯನ್ನು ಹೋದ ವಾರವೇ ಹಿಂತಿರುಗಿಸಿದ್ದೇವೆ, ತಗಡು ಇದರ ಜೊತೆಗಿದೆ. 

ಅದರಡಿ ಮರದ ತುಂಡಿಗೆ ಬಡಿದ ಸತುವಿನ ತಗಡು. ಅಚ್ಚಿನ ತಗಡಿನಲ್ಲಿ ಅಕ್ಷರ ಹಿಂದುಮುಂದಾಗಿರುತ್ತದೆ, ಬೇರೆಯವರಿಗೆ ಓದಲು ಬರುವುದಿಲ್ಲ. ನನಗೆ ಹತ್ತೊಂಬತ್ತು ವರ್ಷದಿಂದ ಅದೇ ಓದು. ಎಲ್ಲರಿಗಿಂತ ಮೊದಲು ನನಗೆ ಕಂಡಿತು. ನಾನು ತಗಡಿಗೆ ಶಾಯಿ ಉರುಳಿಸಿ, ಮೇಲೆ ಕಾಗದವಿಟ್ಟು ಒತ್ತಿ, ಎತ್ತಿ ಶೆರಿಫನ ಕೈಗೆ ಕೊಟ್ಟೆ.

ಅವನು ಗಟ್ಟಿಯಾಗಿ ಓದಿದ. "ಸ್ಲೇಟ್ ಹಳ್ಳದ ಕೆಳಗೇರಿಯವರು ಈಗಲೇ ಮನೆ ಬಿಡಿ. ಮೇಲಿನ ಕಟ್ಟೆ ಬಿರಿಯುತ್ತಿದೆ. ತಂದವನು ಲೇಸಿ. ಏಪ್ರಿಲ್ ಹನ್ನೆರಡು, ಹನ್ನೊಂದೂ ನಲವತ್ತು."

"ನಡುವೆ ಆ ಕಪ್ಪು ಚುಕ್ಕೆ ಏನು?" ಎಂದಳು ಚಿಕ್ಕಮ್ಮ. ಅವಳು ಯಾವಾಗ ಎದ್ದು ಬಂದಳೋ ಗೊತ್ತಾಗಲಿಲ್ಲ.

"ಮೊಳೆಯ ತೂತು ಲಿಯೋಟಾ," ಎಂದಳು ಮಿಸ್ ವರ್ಡಿ. "ಮೊಳೆ ಇರೋದು ಮೇಲೆ, ಇವನ ಮೇಜಿನ ಮೇಲೆ ಮಾತ್ರ. ಚೀಟಿ ಮೇಲೆ ಹೋಗಿದೆ. ನಿನ್ನ ಗಂಡ ಸಾಯೋ ಹೊತ್ತಿಗೆ ಮೇಲೆ ಹೋಗಿ ಬುಟ್ಟೀಲಿ ಕೂತಿದೆ. ಆವತ್ತು ಕಾರ್ಬೆಟ್ ಏನು ಮಾಡ್ತಿದ್ದ ಅಂತ ಅವನೇ ಹೇಳ್ಲಿ. ನಿನ್ನೆ ಓರ್ಬಿನ್ ಕಿಟಕಿಯಿಂದ ನೋಡಿದ್ದನ್ನೇ ಮಾಡ್ತಿದ್ದ ಅಂತ ನನ್ನ ಊಹೆ."

ಕಾರ್ಬೆಟ್ ಅಚ್ಚಿನ ಕಾಗದವನ್ನು ಒಮ್ಮೆ ನೋಡಿದ. ಮಾತಾಡಿದಾಗ ಸಾವಿನ ಸುದ್ದಿ ಓದುವ ಅದೇ ದನಿ.

"ಹಾಡಿನ ತಟ್ಟೆ ಹಚ್ಚಿ ಹೋಟೆಲಿಗೆ ಹೋಗಿದ್ದೆ. ಅರ್ಧ ಗಂಟೆ. ವಾಪಸ್ ಬಂದಾಗ ಹೊರಗೆ ಜನ ಕೂಗ್ತಿದ್ರು, ಬುಟ್ಟೀಲಿ ಚೀಟಿ ಇತ್ತು. ಚುಚ್ಚಿದೆ. ಆಮೇಲೆ ಬಂದಿಲ್ಲ ಅಂದೆ. ಒಂದ್ಸಲ ಅಂದ್ಮೇಲೆ ದಿನಾ ಅಂತಾನೇ ಇರ್ಬೇಕಾಯ್ತು. ಆ ಒಂಬತ್ತು ಹೆಸರನ್ನ ಓದಿದ್ದೂ ನಾನೇ." ಅವನು ಲೇಸಿಯ ಕಡೆ ನೋಡಲಿಲ್ಲ. "ಮಂಗಳವಾರ ಊಟದ ಹೊತ್ತಲ್ಲಿ ಕೆಳಗೆ ಬಾ ಅಂತ ಹೋಬರ್ಟ್ ಹೇಳಿದ್ರು. 'ಅಚ್ಚು ಹಾಕೋ ಮುಂಚೆ ನಿನ್ನ ಬಾಯಿಂದ ಕೇಳ್ಬೇಕು, ಲೇಸಿಗೆ ನ್ಯಾಯ ಮಾಡ್ಬೇಕು' ಅಂದ್ರು. ಬೇಡ್ಕೊಳ್ಳೋಕೆ ಹೋದೆ."

"ಸತ್ತವರನ್ನ ನೀನು ಯಾವತ್ತೂ ಟೇಪಿಗೆ ಹಾಕಿದವನಲ್ಲ ಕಾರ್ಬೆಟ್," ಎಂದಳು ಮಿಸ್ ವರ್ಡಿ. "ಬೇಡ್ಕೊಳ್ಳೋಕೆ ಹೋಗೋನಿಗೆ ಟೇಪು ಯಾಕೆ? ಮೆಟ್ಟಿಲ ಬುಡದಲ್ಲಿ ಸೀಸ ಯಾಕೆ ಎತ್ಕೊಂಡೆ?"

ಶೆರಿಫ್ ಲೇಸಿಯ ಬೇಡಿ ಬಿಚ್ಚಿದ. ಅದೇ ಬೇಡಿಯನ್ನು ಕಾರ್ಬೆಟ್‌ಗೆ ಹಾಕಿದ, ಬೇರೆ ತಂದಿರಲಿಲ್ಲ.

ಅವರು ಹೋದ ಮೇಲೆ ಮಿಸ್ ವರ್ಡಿ ಗಡಿಯಾರ ನೋಡಿದಳು. "ನೀವು ಮೂರೂ ಜನ ಮನೆಗೆ ಹೋಗಿ. ಓರ್ಬಿನ್, ಆ ಅಚ್ಚಿನ ಕಾಗದ ನಂಗೆ ಕೊಡು. ನಿಮ್ಮಮ್ಮನ ಚೀಟಿನೂ."

"ಅಮ್ಮನ ಹೆಸರು ಮಾರನೇ ದಿನ ಓದೋದು ಬೇಡ ಅಂತ ಆವತ್ತು ಯಾಕೆ ಅಂದ್ರಿ?" ಎಂದು ಕೇಳಿದೆ.

"ಆ ಬಾಯಿಂದ ಬೇಡ ಅಂತ," ಎಂದು, ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತತೊಡಗಿದಳು.

ಹನ್ನೆರಡೂಕಾಲಕ್ಕೆ ನಾವು ಅಡುಗೆಕೋಣೆಯಲ್ಲಿದ್ದೆವು. ಲೇಸಿ ಬಾಗಿಲ ಹತ್ತಿರ ನಿಂತೇ ಇದ್ದ, ಆ ಮನೆಯಲ್ಲಿ ಹದಿನಾಲ್ಕು ವರ್ಷದಿಂದ ಅವನು ನಿಲ್ಲುತ್ತಿದ್ದ ಜಾಗ ಅದೇ. ಆರ್ಗನ್ ಶುರುವಾಯಿತು. ಆಮೇಲೆ ಮಿಸ್ ವರ್ಡಿಯ ಒರಟು ದನಿ, ಕಾಗದ ಸರಿಸುವ ಸದ್ದು. ಇಬ್ಬರು ಗಣಿ ಕೆಲಸದವರ ಹೆಸರು ಓದಿದಳು. ಹೋಬರ್ಟ್ ಪ್ರೂಯಿಟ್ ಅವರದು ಓದಿದಳು. ಅಷ್ಟರಲ್ಲಿ ಗಾಡಿ ಬಂತು. ಅವಳು ಓದು ನಿಲ್ಲಿಸಿದಳು, ಏನೂ ಹೇಳಲಿಲ್ಲ. ಕಿಟಕಿ ಗಾಜು ಬಡಿದುಕೊಳ್ಳುವುದನ್ನು ಇಡೀ ಜಿಲ್ಲೆ ಕೇಳಿಸಿಕೊಂಡಿತು.

"ಡೆಲ್ಫಿಯಾ ಬಾಸ್ಟಿಕ್," ಎಂದಳು ಆಮೇಲೆ. "ಎಪ್ಪತ್ತೊಂದು ವರ್ಷ. ಮಂಗಳವಾರ ತೀರಿಕೊಂಡರು. ಉಳಿದವರು ತಂಗಿ ಲಿಯೋಟಾ, ಮಕ್ಕಳು ಲೇಸಿ ಮತ್ತು ಓರ್ಬಿನ್. ಇವತ್ತು ಎರಡು ಗಂಟೆಗೆ ಮಣ್ಣು."

ಮುಗಿಯಿತು ಅಂದುಕೊಂಡೆ. ಆದರೆ ಆರ್ಗನ್ ನಿಂತುಹೋಯಿತು, ಅವಳ ದನಿ ನಿಲ್ಲಲಿಲ್ಲ.

"ಇನ್ನೊಂದು ಚೀಟಿ ಇದೆ, ತಡವಾಗಿ ಓದುತ್ತಿದ್ದೇವೆ. ಸ್ಲೇಟ್ ಹಳ್ಳದ ಕೆಳಗೇರಿಯವರು ಈಗಲೇ ಮನೆ ಬಿಡಿ. ಮೇಲಿನ ಕಟ್ಟೆ ಬಿರಿಯುತ್ತಿದೆ. ಏಪ್ರಿಲ್ ಹನ್ನೆರಡು, ಸಾವಿರದ ಒಂಬೈನೂರ ನಲವತ್ತೇಳು, ಬೆಳಗ್ಗೆ ಹನ್ನೊಂದೂ ನಲವತ್ತು. ತಂದವನು ಲೇಸಿ ಬಾಸ್ಟಿಕ್. ಹೊತ್ತಿಗೆ ಸರಿಯಾಗಿ ತಂದಿದ್ದ."

ಚೀಟಿ ಮೊಳೆಗೆ ಇಳಿದ ಸಣ್ಣ ಸದ್ದು ರೇಡಿಯೋದಲ್ಲಿ ಕೇಳಿಸಿತು.

ಮೂರು ದಿನದಿಂದ ಎಲ್ಲಿ ಹೋಗಿತ್ತೋ, ಅಳು ನನಗೆ ಆಗ ಬಂತು. ಅಮ್ಮನಿಗಾಗಿಯೋ ಅಣ್ಣನಿಗಾಗಿಯೋ ಹೇಳಲಾರೆ. ಲಿಯೋಟಾ ಚಿಕ್ಕಮ್ಮ ಎದ್ದು ಬಕೆಟ್ಟಿನಿಂದ ಬಿಸಿನೀರು ತೋಡಿ, ಬೋಗುಣಿ ಮತ್ತು ಸೋಪು ತಂದು ಲೇಸಿಯ ಮುಂದಿನ ಮೇಜಿನ ಮೇಲೆ ಇಟ್ಟಳು. ಅವನ ಕೈಯಲ್ಲಿ ಮಂಗಳವಾರದ ಶಾಯಿ ಇನ್ನೂ ಹಾಗೇ ಇತ್ತು.

"ಕೈ ತೊಳ್ಕೋ ಲೇಸಿ," ಎಂದಳು. "ಎರಡು ಗಂಟೆಗೆ ಅಕ್ಕನ್ನ ಎತ್ಬೇಕು."